ಬಾತುಮರಿ ಮತ್ತು ಶೇಂಗಾ ಹಿಂಡಿ

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ನೋಡಿದವರಿಗೆ ಅಲ್ಲಿನ ಪಂಜರಗಳ ಸಾಲು ನೆನಪಿರುತ್ತದೆ. ಹಣ್ಣು, ಮಸಾಲೆ, ಒಣದ್ರಾಕ್ಷಿಯ ಅಂಗಡಿಗಳನ್ನು ದಾಟಿ ಒಳಗೆ ಹೋದರೆ ಗಿಳಿ, ಪಾರಿವಾಳ, ಮೊಲಗಳ ನಡುವೆ ಯಾವುದೋ ಬುಟ್ಟಿಯಲ್ಲಿ ಹಳದಿ ಬಾತುಮರಿಗಳು ಕೂಗುತ್ತಿರುತ್ತವೆ. ವಸಯಿಯಲ್ಲಿರುವ ನನ್ನ ಗೆಳೆಯರೊಬ್ಬರು ಹಿಂದಿನ ಮಳೆಗಾಲದ ಆರಂಭದಲ್ಲಿ ಅಲ್ಲಿಂದ ಆರು ಮರಿ ತಂದರು. ಮನೆಯ ಹಿಂದೆ ಬಾವಿ, ನಾಲ್ಕು ತೆಂಗಿನಮರ, ಸ್ವಲ್ಪ ಕೆಸರು ನೆಲ. ಬಾತಿಗೆ ಇನ್ನೇನು ಬೇಕು ಎಂದು ಅವರು ಅಂದುಕೊಂಡಿದ್ದರು.

ಬೇಕಿದ್ದದ್ದು ಮೇವು. ಹತ್ತಿರದ ಪಶು ಆಹಾರದ ಅಂಗಡಿಯವನು ಒಡೆದ ಮೆಕ್ಕೆಜೋಳ, ಅಕ್ಕಿ ತೌಡು, ಮೇಲೊಂದಿಷ್ಟು ಶೇಂಗಾ ಹಿಂಡಿ ಬೆರೆಸಿ ಕೊಟ್ಟ. ‘ಎಮ್ಮೆ ತಿನ್ನುತ್ತದೆ, ಕೋಳಿ ತಿನ್ನುತ್ತದೆ, ಬಾತು ತಿನ್ನುವುದಿಲ್ಲವೇ?’ ಎಂದ. ಬಾತು ತಿಂದವು. ಎರಡು ವಾರದಲ್ಲಿ ನಾಲ್ಕು ಮರಿಗಳು ಒಂದಾದ ಮೇಲೊಂದು ಸತ್ತವು. ಮೊದಲು ಮೇವು ಬಿಟ್ಟವು, ಆಮೇಲೆ ಕಾಲು ಎಳೆಯತೊಡಗಿದವು, ಕೊನೆಗೆ ಕುತ್ತಿಗೆ ಹಿಂದಕ್ಕೆ ಬಾಗಿಸಿ ಒದ್ದಾಡಿ ಸತ್ತವು. ಚೀಲದ ತಳದಲ್ಲಿ ಹಿಂಡಿ ಗಂಟುಗಟ್ಟಿ ಮುಗ್ಗಲು ವಾಸನೆ ಬರುತ್ತಿತ್ತು. ಅದನ್ನು ಪ್ರಯೋಗಾಲಯಕ್ಕೆ ಕಳಿಸಿದವರಿಲ್ಲ, ಮರಿಯನ್ನು ಕೊಯ್ದು ನೋಡಿದವರಿಲ್ಲ. ಆದ್ದರಿಂದ ಹಿಂಡಿಯೇ ಕೊಂದಿತು ಎಂದು ನಾನು ಹೇಳಲಾರೆ. ಆದರೆ ಗೆಳೆಯರು ಫೋನಿನಲ್ಲಿ ಹೇಳಿದ ಲಕ್ಷಣಗಳು ನಾನು ಹಿಂದೊಮ್ಮೆ ಓದಿದ್ದ ಒಂದು ಹಳೆಯ ವರದಿಯನ್ನು ನೆನಪಿಗೆ ತಂದವು. ಆ ವರದಿ 1960ರದು, ಇಂಗ್ಲೆಂಡಿನದು.

ಬೆಳೆಯುವ ಬಾತುಮರಿಗೆ ಯಾವ ಮೇವು ಸರಿ ಎಂಬ ಸಣ್ಣ ಪ್ರಶ್ನೆಯ ಹಿಂದೆ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಕತೆಯಿದೆ. ಅದರಲ್ಲಿ ಲಂಡನ್ ಇದೆ, ಬ್ರೆಜಿಲ್ ಇದೆ, ನಮ್ಮ ಧಾರವಾಡ ಮತ್ತು ಮೈಸೂರು ಇವೆ, ಮುಂಬಯಿಯ ಬಂದರು ಮತ್ತು ತಬೇಲಾಗಳಿವೆ. ನಾವು ದಿನಾ ಕುಡಿಯುವ ಹಾಲೂ ಇದೆ.

ಬಾಂಬೆ ಡಕ್ ಅಲ್ಲದ ಬಾತು

ಮುಂಬಯಿಯಲ್ಲಿ ಬಾತು ಎಂದರೆ ಹೊರಗಿನವರಿಗೆ ಮೊದಲು ಹೊಳೆಯುವುದು ‘ಬಾಂಬೆ ಡಕ್’. ಅದು ಬಾತಲ್ಲ, ಮೀನು. ಮರಾಠಿಯವರು ಬೊಂಬಿಲ್ ಎನ್ನುತ್ತಾರೆ. ವರ್ಸೋವಾದ ಕೋಳಿವಾಡಾದಲ್ಲಿ ಬಿದಿರಿನ ಗಳಗಳಿಗೆ ಸಾಲಾಗಿ ನೇತುಹಾಕಿ ಒಣಗಿಸುವ ಮೀನು ಅದು.

ನಿಜವಾದ ಬಾತನ್ನು ಸಾಕಿದವರು ಈ ಭಾಗದ ಹಳ್ಳಿಗಳ ಜನ. ವಸಯಿ, ಉತ್ತನ್, ಗೋರಾಯಿ, ಮರೋಳಗಳ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳಲ್ಲಿ ಹಬ್ಬದೂಟಕ್ಕೆ ಬಾತಿನ ಮೊಯ್ಲಿ ಇಂದಿಗೂ ಆಗುತ್ತದೆ. ಗೋವಾ, ಮಂಗಳೂರು ಕಡೆಯಿಂದ ನೌಕರಿಗೆ ಬಂದ ಕ್ರೈಸ್ತರಿಂದ ತಾವು ಬೇರೆ, ಈ ನೆಲದವರೇ ಎಂದು ಗುರುತಿಸಿಕೊಳ್ಳಲು ಇವರು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಆ ಹೆಸರನ್ನು ಇಟ್ಟುಕೊಂಡರು. ಭತ್ತದ ಗದ್ದೆ, ಉಪ್ಪಿನ ಆಗರ, ಕೆರೆ ಇದ್ದ ಊರುಗಳು ಅವು. ಅಲ್ಲಿ ಬಾತಿಗೆ ಯಾರೂ ಮೇವು ಆಯ್ದು ಹಾಕುತ್ತಿರಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಉದುರಿದ ಭತ್ತ, ಬಸವನಹುಳು, ಎರೆಹುಳು, ಸಣ್ಣ ಮೀನು, ಪಾಚಿ ಎಲ್ಲವನ್ನೂ ಬಾತು ತಾನೇ ಹುಡುಕಿಕೊಳ್ಳುತ್ತಿತ್ತು. ಸಂಜೆ ಗೂಡಿಗೆ ಬಂದಾಗ ಒಂದು ಹಿಡಿ ನುಚ್ಚು ಹಾಕಿದರೆ ಮುಗಿಯಿತು. ಕೇರಳ, ತಮಿಳುನಾಡು, ಆಂಧ್ರದ ಅಲೆಮಾರಿ ಬಾತು ಸಾಕಣೆದಾರರು ಇಂದೂ ಸಾವಿರಾರು ಹಕ್ಕಿಗಳನ್ನು ಗದ್ದೆಯಿಂದ ಗದ್ದೆಗೆ ನಡೆಸಿಕೊಂಡು ಹೋಗುವುದು ಇದೇ ಲೆಕ್ಕದಲ್ಲಿ.

ಗದ್ದೆ ಹೋಗಿ ಕಟ್ಟಡ ಬಂದಾಗ ಬಾತು ಬೇಲಿಯೊಳಗೆ ಬಂತು. ಬೇಲಿಯೊಳಗಿನ ಹಕ್ಕಿಗೆ ಹುಡುಕುವ ಸ್ವಾತಂತ್ರ್ಯವಿಲ್ಲ. ಬಟ್ಟಲಿನಲ್ಲಿ ಹಾಕಿದ್ದೇ ಅದರ ಪ್ರಪಂಚ. ‘ಸರಿಯಾದ ಮೇವು’ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಕೇಂದ್ರ ಸರ್ಕಾರ ದೇಶದ ಕೆಲವು ಕಡೆ ಪ್ರಾದೇಶಿಕ ಕೋಳಿ ಸಾಕಣೆ ಕೇಂದ್ರಗಳನ್ನು ಕಟ್ಟಿತು. ಮುಂಬಯಿಯದು ಗೋರೆಗಾಂವದ ಆರೆ ಕಾಲನಿಯಲ್ಲಿ, ಬೆಂಗಳೂರಿನದು ಹೆಸರಘಟ್ಟದಲ್ಲಿ. ಮುಂದೆ ಹೆಸರಘಟ್ಟದಲ್ಲೇ ಕೇಂದ್ರ ಬಾತು ತಳಿ ಕೇಂದ್ರವೂ ಬಂತು. ಅಲ್ಲಿಂದ ರೈತರಿಗೆ ಹೋದ ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು 1900ರ ಸುಮಾರಿಗೆ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಅಭಿವೃದ್ಧಿಪಡಿಸಿದ್ದರು. ಒಳ್ಳೆಯ ತಳಿ ಬಂದ ಮೇಲೆ ಅದಕ್ಕೆ ತಕ್ಕ ಮೇವು ಬೇಕಾಯಿತು. ಮೇವಿಗೆ ಪ್ರೋಟೀನ್ ಬೇಕು. ಅಂದಿನ ಭಾರತದಲ್ಲಿ ಹೇರಳವಾಗಿ ಸಿಗುತ್ತಿದ್ದ ಅಗ್ಗದ ಪ್ರೋಟೀನ್ ಯಾವುದು? ಶೇಂಗಾ ಹಿಂಡಿ.

ಹಿಂಡಿಯ ದಾರಿ

ಉತ್ತರ ಕರ್ನಾಟಕದವರಿಗೆ ಹಿಂಡಿ ಎಂದರೆ ಎರಡು. ಒಂದು, ರೊಟ್ಟಿಯ ಜೊತೆ ಎಣ್ಣೆಯಲ್ಲೋ ಮೊಸರಲ್ಲೋ ಕಲಸಿ ತಿನ್ನುವ ಶೇಂಗಾ ಚಟ್ನಿಪುಡಿ. ಇನ್ನೊಂದು, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ಹಾಕುವ ಗಟ್ಟಿ. ಮನುಷ್ಯನ ತಟ್ಟೆಗೂ ದನದ ಗೋದಲಿಗೂ ಒಂದೇ ಹೆಸರು. ಮೈಸೂರು ಕಡೆ ಅದು ಕಡಲೆಕಾಯಿ ಹಿಂಡಿ, ಮುಂಬಯಿಯ ಮರಾಠಿಯಲ್ಲಿ ಪೆಂಡ್, ಹಿಂದಿಯಲ್ಲಿ ಖಲಿ.

ಶೇಂಗಾ ಈ ನೆಲದ್ದಲ್ಲ. ದಕ್ಷಿಣ ಅಮೆರಿಕದಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಯಂಥ ಊರುಗಳ ಎಣ್ಣೆ ಗಿರಣಿಗಳಿಗೆ ಇದು ಬೇಕಾದಾಗ ಮುಂಬಯಿ ಬಂದರು ಇದರ ದೊಡ್ಡ ಬಾಗಿಲಾಯಿತು. 1900ರಲ್ಲಿ ಮುಂಬಯಿಯಲ್ಲಿ ಗುಜರಾತಿ ವ್ಯಾಪಾರಿ ಮಂಡಳಿ ಶುರುವಾಗಿ ಶೇಂಗಾ, ಔಡಲ, ಹತ್ತಿಗಳ ವಾಯಿದೆ ವ್ಯಾಪಾರ ನಡೆಸಿತು. ಆಗ ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ಪ್ರಾಂತದ ಜಿಲ್ಲೆಗಳು. ಅಲ್ಲಿನ ರೈತ ಬಿತ್ತಿದ ಶೇಂಗಾದ ದರ ಮಸ್ಜಿದ್ ಬಂದರ್ ಸುತ್ತಲಿನ ಪೇಟೆಯಲ್ಲಿ ನಿಗದಿಯಾಗುತ್ತಿತ್ತು. ಕಾಳು ಹೋಯಿತು, ಎಣ್ಣೆ ಹೋಯಿತು, ಆಮೇಲೆ ಹಿಂಡಿಯೂ ಹಡಗು ಹತ್ತಿತು. ಯುರೋಪಿನ ದನ, ಹಂದಿ, ಕೋಳಿಗಳಿಗೆ ಅದು ಒಳ್ಳೆಯ ಮೇವು.

ಗಾಣದ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿಯುತ್ತದೆ. ದ್ರಾವಕ ಬಳಸಿ ಅದನ್ನೂ ತೆಗೆಯುವ ಕಾರ್ಖಾನೆಗಳು ಸ್ವಾತಂತ್ರ್ಯದ ನಂತರ ಹೆಚ್ಚಿದವು. ಹಾಗೆ ಎಣ್ಣೆ ತೆಗೆದ ಹಿಂಡಿಯಲ್ಲಿ ಪ್ರೋಟೀನ್ ಅರ್ಧದಷ್ಟಿರುತ್ತದೆ. 1963ರಲ್ಲಿ ಈ ಉದ್ದಿಮೆದಾರರ ಸಂಘ ಸ್ಥಾಪನೆಯಾಯಿತು. ಅದರ ನೆಲೆಯೂ ಮುಂಬಯಿಯೇ. ಆ ಸಂಘ ಹುಟ್ಟುವ ಮೂರು ವರ್ಷ ಮೊದಲೇ ಹಿಂಡಿಯ ಮೇಲೆ ಒಂದು ಸಂಶಯ ಬಿದ್ದಾಗಿತ್ತು.

1960ರ ಬೇಸಿಗೆ

1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಯ ಮರಿಗಳು ಸಾಯತೊಡಗಿದವು. ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಸತ್ತವು. ವೈದ್ಯರು ಸೋಂಕು ಹುಡುಕಿದರು, ವೈರಸ್ ಹುಡುಕಿದರು, ಕೀಟನಾಶಕ ಹುಡುಕಿದರು. ಒಂದೂ ಸಿಗಲಿಲ್ಲ. ಹೆಸರು ತಿಳಿಯದ ರೋಗಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದರು. ಟರ್ಕಿಗಳ ಜೊತೆಗೆ ಬಾತುಮರಿಗಳೂ ಸಾಯುತ್ತಿದ್ದವು. ಸತ್ತ ಹಕ್ಕಿಗಳ ಯಕೃತ್ತು ಹಾಳಾಗಿತ್ತು. ಸಾಯುವಾಗ ಕುತ್ತಿಗೆ ಹಿಂದಕ್ಕೆ ಸೆಟೆದು ಕಾಲು ಚಾಚಿಕೊಳ್ಳುತ್ತಿದ್ದವು.

ಪ್ರಕರಣಗಳನ್ನು ನಕಾಶೆಯ ಮೇಲೆ ಗುರುತು ಮಾಡುತ್ತ ಹೋದಾಗ ಅವು ಹೆಚ್ಚಾಗಿ ಲಂಡನ್ನಿನ ಒಂದು ಮೇವಿನ ಗಿರಣಿಯ ಗಿರಾಕಿಗಳಲ್ಲೇ ಕಂಡವು. ಆ ಮೇವಿನಲ್ಲಿ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ ಇತ್ತು. ಅದೇ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿ ಸ್ಥಳೀಯ ಶೇಂಗಾ ತಿಂದ ಬಾತುಮರಿಗಳು ಸತ್ತ ಸುದ್ದಿ ಬಂತು. ಅಂದರೆ ಇದು ಬ್ರೆಜಿಲಿನದೊಂದೇ ತೊಂದರೆಯಲ್ಲ. ಮುಂದೆ ಪರೀಕ್ಷಿಸಿದಾಗ ಭಾರತವೂ ಸೇರಿದಂತೆ ಹಲವು ದೇಶಗಳ ಹಿಂಡಿಯಲ್ಲಿ ಅದೇ ವಿಷ ಸಿಕ್ಕಿತು. ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟನ್ನು ಬೇರ್ಪಡಿಸಿದರು: ಆಸ್ಪರ್‌ಜಿಲಸ್ ಫ್ಲೇವಸ್. ಅದರ ಹೆಸರಿನ ಅಕ್ಷರಗಳನ್ನೇ ಕೂಡಿಸಿ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂದು ಹೆಸರಿಟ್ಟರು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ಬಿ, ಹಸಿರಾಗಿ ಹೊಳೆಯುವುದು ಜಿ. ಎಲ್ಲಕ್ಕಿಂತ ಕೆಟ್ಟದ್ದು ಬಿ1.

ಇಲ್ಲಿ ಬಾತುಮರಿಗೆ ಅದು ಕೇಳದ ಒಂದು ಕೆಲಸ ಸಿಕ್ಕಿತು. ರಾಸಾಯನಿಕ ಪರೀಕ್ಷೆಗಳು ಇನ್ನೂ ಪಳಗಿರದ ಆ ದಿನಗಳಲ್ಲಿ ಹಿಂಡಿಯಲ್ಲಿ ವಿಷವಿದೆಯೇ ಎಂದು ತಿಳಿಯಲು ಒಂದು ದಿನದ ಬಾತುಮರಿಗೆ ಅದರ ಸಾರವನ್ನು ಕುಡಿಸುತ್ತಿದ್ದರು. ಕೆಲವು ದಿನಗಳ ಬಳಿಕ ಮರಿಯ ಯಕೃತ್ತನ್ನು ನೋಡಿದರೆ ಪಿತ್ತನಾಳದ ಜೀವಕೋಶಗಳು ವಿಪರೀತ ಬೆಳೆದಿರುತ್ತಿದ್ದವು. ಎಷ್ಟು ಬೆಳೆದಿವೆ ಎಂಬುದರ ಮೇಲೆ ವಿಷದ ಅಳತೆ.

ಬಾತುಮರಿಯೇ ಏಕೆ? ಅದರಷ್ಟು ಬೇಗ ಈ ವಿಷಕ್ಕೆ ಬಲಿಯಾಗುವ ಸಾಕುಪ್ರಾಣಿ ಹೆಚ್ಚಿಲ್ಲ. 50 ಗ್ರಾಂ ತೂಗುವ ಬಾತುಮರಿಗಳ ಗುಂಪಿನಲ್ಲಿ ಅರ್ಧದಷ್ಟನ್ನು ಕೊಲ್ಲಲು ಸುಮಾರು 18 ಮೈಕ್ರೊಗ್ರಾಂ ಬಿ1 ಸಾಕು. ಒಂದು ಕಾಳು ಉಪ್ಪಿಗಿಂತ ಕಡಿಮೆ ತೂಕ. ದೇಹದ ತೂಕಕ್ಕೆ ಹೋಲಿಸಿದರೆ ಕೋಳಿಮರಿಗೆ ಇದರ ಹದಿನೈದು ಇಪ್ಪತ್ತು ಪಟ್ಟು ಅಥವಾ ಇನ್ನೂ ಹೆಚ್ಚು ಬೇಕು. ‘ಕೋಳಿ ತಿನ್ನುತ್ತದೆ, ಬಾತು ತಿನ್ನುವುದಿಲ್ಲವೇ?’ ಎಂದ ಅಂಗಡಿಯವನ ಮಾತಿಗೆ ಉತ್ತರ ಇಲ್ಲಿದೆ. ಕೋಳಿ ತಾಳಿಕೊಂಡ ಮೇವನ್ನು ಬಾತು ತಾಳಿಕೊಳ್ಳಬೇಕೆಂದಿಲ್ಲ.

ಹಾಲಿಗೆ ಬಂದದ್ದು

ಹಕ್ಕಿಗಳ ಕತೆ ಅಲ್ಲಿಗೇ ನಿಂತಿದ್ದರೆ ಪಶುವೈದ್ಯರ ಪುಸ್ತಕದಲ್ಲಿ ಒಂದು ಅಧ್ಯಾಯವಾಗುತ್ತಿತ್ತು. ಆದರೆ ಇಂಗ್ಲೆಂಡಿನ ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಎಂಬ ಸಂಶೋಧಕರು ಇನ್ನೊಂದು ಹೆಜ್ಜೆ ಇಟ್ಟರು. ಬೂಷ್ಟು ಹಿಂಡಿ ತಿಂದ ಹಸು ಸಾಯುವುದಿಲ್ಲ, ಹಾಲು ಕೊಡುತ್ತಲೇ ಇರುತ್ತದೆ. ಆ ಹಾಲಿನ ಸಾರವನ್ನು ಅವರು ಬಾತುಮರಿಗಳಿಗೆ ಕುಡಿಸಿದರು. ಮರಿಗಳ ಯಕೃತ್ತಿನಲ್ಲಿ ಅದೇ ಗುರುತು ಕಾಣಿಸಿಕೊಂಡಿತು. 1963ರಲ್ಲಿ ಇದು ಪ್ರಕಟವಾಯಿತು. ಹಸುವಿನ ದೇಹದಲ್ಲಿ ರೂಪ ಬದಲಿಸಿ ಹಾಲಿಗೆ ಬರುವ ಈ ವಿಷಕ್ಕೆ ಹಾಲಿನ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಎಂ1 ಎಂದರು. ಕಾಯಿಸಿದರೆ ಇದು ಹೋಗುವುದಿಲ್ಲ.

ಅದೇ 1963ರಲ್ಲಿ ಮುಂಬಯಿಯ ದಾರಾ ಖುರೋಡಿಯವರಿಗೆ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಖುರೋಡಿ 1949ರಲ್ಲಿ ಆರೆ ಹಾಲಿನ ಕಾಲನಿಯನ್ನು ರೂಪಿಸಿದವರು. ನಗರದ ಒಳಗಿನ ಕೊಳಕು ತಬೇಲಾಗಳಿಂದ ಎಮ್ಮೆಗಳನ್ನು ಗೋರೆಗಾಂವದ ಗುಡ್ಡಗಳಿಗೆ ಸಾಗಿಸಿ ಶುದ್ಧ ಹಾಲನ್ನು ಬಾಟಲಿಯಲ್ಲಿ ಕೊಡುವ ಕನಸು ಅದು. 1951ರಲ್ಲಿ ನೆಹರೂ ಉದ್ಘಾಟಿಸಿದರು. ನೀರು ಬೆರೆಸುವುದನ್ನು, ಕೊಳೆಯನ್ನು, ರೋಗಾಣುವನ್ನು ತಡೆಯಲು ಆರೆ ದಾರಿ ಕಂಡುಕೊಂಡಿತು. ಆದರೆ ಕಣ್ಣಿಗೂ ನಾಲಿಗೆಗೂ ಸಿಗದ, ಕುದಿಸಿದರೂ ಹೋಗದ ವಸ್ತುವೊಂದು ಮೇವಿನ ಚೀಲದಿಂದಲೇ ಬರಬಹುದು ಎಂಬುದು ಆ ಕಾಲದಲ್ಲಿ ಯಾವ ದೇಶದ ಡೇರಿಯ ಲೆಕ್ಕದಲ್ಲೂ ಇರಲಿಲ್ಲ. ಆರೆಯಲ್ಲಾಗಲಿ ಜೋಗೇಶ್ವರಿಯ ಖಾಸಗಿ ತಬೇಲಾದಲ್ಲಾಗಲಿ ಎಮ್ಮೆ ಮೇಯುವ ಹುಲ್ಲುಗಾವಲು ಇರಲಿಲ್ಲ. ಹುಲ್ಲೂ ಹಿಂಡಿಯೂ ಲಾರಿಯಲ್ಲಿ ಬರಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಅದನ್ನು ದಾಸ್ತಾನು ಮಾಡಬೇಕು.

ಇದು ಹಳೆಯ ಕತೆಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ನೀರು, ಯೂರಿಯಾಗಳ ಬಗ್ಗೆ ಜನರಿಗಿದ್ದ ಭಯ ಬಹುಮಟ್ಟಿಗೆ ಸುಳ್ಳಾಯಿತು. ಆದರೆ 368 ಮಾದರಿಗಳಲ್ಲಿ, ಅಂದರೆ ಶೇ. 5.7ರಲ್ಲಿ, ಎಂ1 ಮಿತಿಗಿಂತ ಹೆಚ್ಚಿತ್ತು. ಮಿತಿ ಎಂದರೆ ಕಿಲೋಗೆ 0.5 ಮೈಕ್ರೊಗ್ರಾಂ. ವರದಿಯೇ ಹೇಳಿದಂತೆ ಇದು ಯಾರೋ ಕಲಬೆರಕೆ ಮಾಡಿದ್ದಲ್ಲ, ಮೇವಿನಿಂದ ಬಂದದ್ದು.

ಮೈಸೂರಿನ ಮಕ್ಕಳು

ಕನ್ನಡ ನಾಡಿಗೆ ಈ ಕತೆ ಬಂದ ಬಗೆ ನೋವಿನದು.

1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು. ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಮುಂದಿದ್ದ ಪ್ರಶ್ನೆ: ಹಾಲು, ಮೊಟ್ಟೆ, ಬೇಳೆ ಕೊಳ್ಳಲಾಗದ ದೇಶದ ಮಕ್ಕಳಿಗೆ ಪ್ರೋಟೀನ್ ಎಲ್ಲಿಂದ ತರುವುದು? ಉತ್ತರ ಶೇಂಗಾ. ನೂರಕ್ಕೆ 75 ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, 25 ಪಾಲು ಹುರಿಗಡಲೆ ಹಿಟ್ಟು, ಜೊತೆಗೆ ಜೀವಸತ್ವ ಮತ್ತು ಸುಣ್ಣದಂಶ ಬೆರೆಸಿದ ‘ಬಹೂಪಯೋಗಿ ಆಹಾರ’ ತಯಾರಾಯಿತು. ರಾಗಿಯಲ್ಲೂ ಸಾರಿನಲ್ಲೂ ಬೆರೆಸಬಹುದಾದ ಪುಡಿ. ಅಂದಿನ ಬಡತನದ ಲೆಕ್ಕದಲ್ಲಿ ಅದು ಸರಿಯಾದ ಯೋಚನೆಯೇ. ಹೊರದೇಶಕ್ಕೆ ದನದ ಮೇವಾಗಿ ಹೋಗುತ್ತಿದ್ದ ಪ್ರೋಟೀನನ್ನು ನಮ್ಮ ಮಕ್ಕಳಿಗೆ ಕೊಡುವುದು ತಪ್ಪೇನಲ್ಲ.

1966ರಲ್ಲಿ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. ಕಾರಣ ಶೇಂಗಾ ಹಿಂಡಿಯ ಅಫ್ಲಟಾಕ್ಸಿನ್ ಎಂದು ಪತ್ತೆಯಾಯಿತು. ಅದೇ ವರ್ಷ ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಮಂಡಳಿ ಮಕ್ಕಳ ಆಹಾರಕ್ಕೆ ಬಳಸುವ ಶೇಂಗಾ ಹಿಟ್ಟಿನಲ್ಲಿ ಕಿಲೋಗೆ 30 ಮೈಕ್ರೊಗ್ರಾಂ ಮೀರಬಾರದು ಎಂದು ಮಿತಿ ಹಾಕಿತು. ನಮ್ಮ ಕಲಬೆರಕೆ ತಡೆ ಕಾಯ್ದೆಯ ನಿಯಮದಲ್ಲೂ ಬಹುಕಾಲ ಇದ್ದದ್ದು ಇದೇ 30. ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. ಕೆಟ್ಟ ಕಾಳು ಆರಿಸುವುದು, ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ವಿಷ ತೆಗೆಯುವುದು ಮುಂತಾದ ದಾರಿಗಳನ್ನು ಹುಡುಕಿದರು.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. 1971ರಲ್ಲಿ ಮೈಸೂರಿನ ಮಕ್ಕಳ ವೈದ್ಯರೂ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಸೇರಿ ಅಮೆರಿಕದ ಪೋಷಣಾ ವಿಜ್ಞಾನದ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿದರು. ಪೌಷ್ಟಿಕತೆಯಿಲ್ಲದೆ ಬಳಲಿ ಆಸ್ಪತ್ರೆ ಸೇರಿದ್ದ ಮಕ್ಕಳಿಗೆ ಚೇತರಿಕೆಗೆಂದು ಶೇಂಗಾ ಹಿಟ್ಟು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಅಫ್ಲಟಾಕ್ಸಿನ್ ಇದ್ದದ್ದು ಆಮೇಲೆ ತಿಳಿಯಿತು. ಮಕ್ಕಳ ಯಕೃತ್ತು ಗಡುಸಾಗುತ್ತ ಹೋಗಿ ಸಿರೋಸಿಸ್ ಆಯಿತು. ಯಾರೂ ಕೇಡು ಬಗೆದಿರಲಿಲ್ಲ. ಆಸ್ಪತ್ರೆಯಲ್ಲಿದ್ದವರು ಮಗುವನ್ನು ಉಳಿಸಲು ಹೊರಟಿದ್ದರು. ಅದನ್ನು ಮುಚ್ಚಿಡದೆ ಬರೆದು ಪ್ರಕಟಿಸಿದ್ದು ಅವರ ದೊಡ್ಡತನ. ಬಾತುಮರಿಯ ಯಕೃತ್ತಿನಲ್ಲಿ ಹತ್ತು ವರ್ಷ ಮೊದಲೇ ಕಂಡಿದ್ದ ಎಚ್ಚರಿಕೆ ನಮ್ಮ ಮಕ್ಕಳ ತಟ್ಟೆಯವರೆಗೆ ತಲುಪುವಷ್ಟರಲ್ಲಿ ತಡವಾಗಿತ್ತು.

1974ರ ಕೊನೆಯಲ್ಲಿ ಇನ್ನೂ ದೊಡ್ಡದು ನಡೆಯಿತು. ರಾಜಸ್ಥಾನದ ಬಾನ್ಸ್‌ವಾಡಾ, ಗುಜರಾತಿನ ಪಂಚಮಹಲ್ ಭಾಗದ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳ ತಿಂದು ಕಾಮಾಲೆಯಂಥ ಕಾಯಿಲೆ ಬಂತು. 397 ಜನ ಹಾಸಿಗೆ ಹಿಡಿದರು, 106 ಮಂದಿ ಸತ್ತರು. ಅದೇ ಮನೆಗಳ ನಾಯಿಗಳೂ ಸತ್ತವು. ಅಲ್ಲಿ ಶೇಂಗಾ ಇರಲಿಲ್ಲ. ಬೂಷ್ಟಿಗೆ ಮೆಕ್ಕೆಜೋಳವೂ ಆಗುತ್ತದೆ. ಬಾತುಮರಿಯ ಮೇವಿನಲ್ಲಿ ಅರ್ಧದಷ್ಟು ಇರುವುದು ಮೆಕ್ಕೆಜೋಳವೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಹೊರಗೆ ಒಂದು ಅಳತೆ, ಒಳಗೆ ಒಂದು

ಯುರೋಪಿನ ದೇಶಗಳು 1973ರ ಡಿಸೆಂಬರಿನಲ್ಲಿ ಪಶು ಆಹಾರದಲ್ಲಿ ಇರಬಾರದ ವಸ್ತುಗಳ ಬಗ್ಗೆ ಒಂದು ಸಾಮಾನ್ಯ ಕಟ್ಟಳೆ ಮಾಡಿ ಅಫ್ಲಟಾಕ್ಸಿನ್‌ಗೆ ಮಿತಿ ಹಾಕಿದವು. ಆಮೇಲೆ ಆ ಮಿತಿ ಬಿಗಿಯಾಗುತ್ತ ಹೋಯಿತು. ಮುಂಬಯಿಯಿಂದ ಹಡಗು ಹತ್ತುತ್ತಿದ್ದ ಶೇಂಗಾ ಹಿಂಡಿಗೆ ಅಲ್ಲಿನ ಪೇಟೆ ಕಿರಿದಾಯಿತು. ಸೋಯಾ ಹಿಂಡಿ ಆ ಜಾಗಕ್ಕೆ ಬಂತು.

ಇದನ್ನು ವ್ಯಾಪಾರದ ತಡೆ ಎಂದು ದೂರಿದವರಿದ್ದಾರೆ. ಶ್ರೀಮಂತ ದೇಶಗಳು ಆರೋಗ್ಯದ ಹೆಸರಿನಲ್ಲಿ ಬಡ ರೈತನ ಮಾಲನ್ನು ತಡೆಯುತ್ತವೆ ಎಂಬ ಮಾತಿನಲ್ಲಿ ಒಂದಿಷ್ಟು ನಿಜವೂ ಇರಬಹುದು. ನನ್ನ ಪ್ರಶ್ನೆ ಬೇರೆ. ಹೊರಗೆ ಹೋಗುವ ಚೀಲಕ್ಕೆ ಪರೀಕ್ಷೆಯ ಕಾಗದ ಬೇಕು. ವಸಯಿಯ ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಹಿಂಡಿಗೆ ಯಾವ ಕಾಗದವಿದೆ? ಡಚ್ ಹಸುವಿಗೆ ಬೇಡವಾದದ್ದು ಜೋಗೇಶ್ವರಿಯ ಎಮ್ಮೆಗೆ ಆದೀತು ಎಂದು ನಾವು ಯಾವಾಗ ತೀರ್ಮಾನಿಸಿದೆವು? ಯಾರೂ ಹಾಗೆಂದು ಬರೆದಿಟ್ಟಿಲ್ಲ. ಪರೀಕ್ಷೆ ಮಾಡದೆ ಇರುವುದೇ ಆ ತೀರ್ಮಾನ.

ತಪ್ಪು ರೈತನದೆಂದೂ ಹೇಳಲಾಗದು. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ನೆಲದೊಳಗೇ ಈ ಬೂಷ್ಟು ಕಾಯಿಗೆ ಅಂಟುತ್ತದೆ. ಚಳ್ಳಕೆರೆ, ಪಾವಗಡದ ಕಡೆ ಅದು ಅಪರೂಪವಲ್ಲ. ಕಿತ್ತ ಮೇಲೆ ಮಳೆ ಬಂದರೆ ಕಣದಲ್ಲಿ ಅಂಟುತ್ತದೆ. ಜೊಳ್ಳು, ಒಡೆದ, ಬಣ್ಣಗೆಟ್ಟ ಕಾಯಿಗಳಲ್ಲೇ ವಿಷ ಹೆಚ್ಚು. ಒಳ್ಳೆಯ ಕಾಳು ತಿನ್ನಲು ಹೋಗುತ್ತದೆ, ಆರಿಸಿ ತೆಗೆದದ್ದು ಗಾಣಕ್ಕೆ ಹೋಗುತ್ತದೆ. ಎಣ್ಣೆ ಬೇರೆಯಾದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಹೀಗೆ ಪ್ರತಿ ಹಂತದಲ್ಲೂ ಕೆಟ್ಟದ್ದು ಕೆಳಕ್ಕೆ ಇಳಿಯುತ್ತದೆ. ತಳದಲ್ಲಿ ನಿಂತಿರುವುದು ಎಮ್ಮೆ, ಕೋಳಿ, ಬಾತು.

ಮುಂಬಯಿಗೂ ಈ ಬೆಳೆಯ ಮೇಲೆ ಒಂದು ಋಣವಿದೆ, ಅದನ್ನು ಅದು ತೀರಿಸುತ್ತಲೂ ಬಂದಿದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ವಿಕಿರಣ ಬಳಸಿ ಶೇಂಗಾ ತಳಿಗಳನ್ನು ರೂಪಿಸಿದೆ. 1991ರಲ್ಲಿ ಬಂದ ಟಿಎಜಿ-24 ಬೇಗ ಮಾಗುತ್ತದೆ, ಕರ್ನಾಟಕದ ಹೊಲಗಳಲ್ಲೂ ಬೆಳೆಯುತ್ತದೆ. ಬೇಗ ಮಾಗುವ ಬೆಳೆಗೆ ಕೊನೆಯ ಹಂತದ ಬರ ತಾಗುವ ಸಂಭವ ಕಡಿಮೆ. ಆದರೆ ತಳಿಯೊಂದರಿಂದಲೇ ಕೆಲಸವಾಗದು. ಕಿತ್ತ ಕಾಯಿ ಚೆನ್ನಾಗಿ ಒಣಗಬೇಕು, ಒಣಗಿದ್ದು ತೇವಕ್ಕೆ ಸಿಗಬಾರದು.

ಕಾಲು ಬಾಗಿದ ಮರಿ

ಗೆಳೆಯರ ಮರಿಗಳು ಕಾಲೆಳೆದದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು, ಅದೂ ಇತಿಹಾಸವಿರುವ ಕಾರಣವೇ. ಬಾತುಮರಿಗೆ ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1994ರ ಪಟ್ಟಿಯಲ್ಲಿ ಮಾಂಸದ ಕೋಳಿಮರಿಗೆ ಕಿಲೋ ಮೇವಿಗೆ 35 ಮಿಲಿಗ್ರಾಂ, ಬಾತುಮರಿಗೆ 55. ಕಡಿಮೆಯಾದರೆ ಕಾಲಿನ ಗಿಣ್ಣು ಊದಿ, ಕಾಲು ಬಿಲ್ಲಿನಂತೆ ಬಾಗುತ್ತದೆ. ಬರೀ ಮೆಕ್ಕೆಜೋಳ ತಿಂದ ಮರಿಗೆ ಇದು ಬೇಗ ಬರುತ್ತದೆ; ಮೆಕ್ಕೆಜೋಳದ ನಯಾಸಿನ್ ಹೆಚ್ಚಾಗಿ ಮೈಗೆ ಹತ್ತುವುದಿಲ್ಲ.

ಇದೇ ಕೊರತೆ ಮನುಷ್ಯರಲ್ಲಿ ಪೆಲಾಗ್ರ ಎಂಬ ರೋಗವಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನಂಬಿದ ಬಡವರನ್ನು ಕಾಡಿದ ಆ ರೋಗ ದಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳವನ್ನೇ ನಂಬಿದ ಕೂಲಿಗಳಲ್ಲಿ ಕಂಡಿತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣ ಎಂಬ ವಾದ ಮುಂದಿಟ್ಟರು. ಜೋಳದ ರೊಟ್ಟಿಯ ಜೊತೆ ಕಾಳುಪಲ್ಯ, ಮಜ್ಜಿಗೆ, ಆ ಇನ್ನೊಂದು ಹಿಂಡಿ ಇದ್ದ ಮನೆಗೆ ಈ ರೋಗ ಬರಲಿಲ್ಲ. ಬಂದದ್ದು ರೊಟ್ಟಿಯೊಂದೇ ಇದ್ದ ಮನೆಗೆ. ಗದ್ದೆಯ ಬಾತು ಹುಳು, ಮೀನು, ಸೊಪ್ಪು ಎಲ್ಲ ತಿಂದು ಗಟ್ಟಿಯಾಗಿರುತ್ತದೆ. ಬಟ್ಟಲಿನಲ್ಲಿ ನುಚ್ಚೊಂದೇ ಬಿದ್ದ ಬಾತು ಕಾಲು ಬಾಗಿಸುತ್ತದೆ.

ಹಾಗಾದರೆ ಏನು ಹಾಕಬೇಕು?

ಗೆಳೆಯರಿಗೆ ನಾನು ಕೊನೆಗೆ ಬರೆದು ಕಳಿಸಿದ್ದು ಇಷ್ಟು. ನಿಮ್ಮಲ್ಲಿ ಯಾರಾದರೂ ಸಾಕುವವರಿದ್ದರೆ ಉಪಯೋಗವಾದೀತು.

ಮೊದಲ ಮೂರು ವಾರ ಪ್ರೋಟೀನ್ ಶೇ. 20ರಿಂದ 22 ಇರುವ ಮರಿಗಳ ಮೇವು, ಆಮೇಲೆ ಶೇ. 16ರ ಆಸುಪಾಸಿನ ಬೆಳವಣಿಗೆಯ ಮೇವು. ಬಾತಿನದೇ ಮೇವು ಸಿಗದಿದ್ದರೆ ಔಷಧ ಬೆರೆಸದ ಕೋಳಿಮರಿ ಮೇವು ಆದೀತು. ಬಾತು ಕೋಳಿಗಿಂತ ಹೆಚ್ಚು ತಿನ್ನುವುದರಿಂದ ಔಷಧವೂ ಹೆಚ್ಚು ಒಳಗೆ ಹೋಗುತ್ತದೆ. ಕೋಳಿ ಮೇವಿನಲ್ಲಿ ಕಡಿಮೆ ಬೀಳುವ ನಯಾಸಿನ್‌ಗೆ ಈಸ್ಟ್ ಪುಡಿ, ಹೊಸ ತೌಡು, ಉಪ್ಪಿಲ್ಲದ ಒಣಮೀನಿನ ಪುಡಿ. ಪ್ರೋಟೀನಿಗೆ ಸೋಯಾ ಹಿಂಡಿ. ಎಲ್ಲಿಂದ ಬಂತು ಎಂದು ತಿಳಿಯದ ಶೇಂಗಾ ಹಿಂಡಿ ಬೇಡವೇ ಬೇಡ. ಮೇವನ್ನು ನೀರಿನಲ್ಲಿ ಕಲಸಿ ಕೊಡಿ, ಪಕ್ಕದಲ್ಲೇ ಮೂಗು ಮುಳುಗುವಷ್ಟು ಆಳದ ನೀರಿಡಿ. ಒಣ ಪುಡಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಲಸಿದ್ದು ಉಳಿದರೆ ಅಂದೇ ಚೆಲ್ಲಿ. ಮಳೆಗಾಲದಲ್ಲಿ ಒಂದೆರಡು ವಾರಕ್ಕೆ ಆಗುವಷ್ಟೇ ತನ್ನಿ, ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಮಣೆಯ ಮೇಲಿಡಿ. ಉಳಿದ ಪಾವ್ ಹಾಕಬೇಡಿ, ಬೂಷ್ಟು ಹಿಡಿದ ಪಾವ್ ಅಂತೂ ಖಂಡಿತ ಬೇಡ.

ಮುಗ್ಗಲು ವಾಸನೆ ಬಂದ ಮೇವನ್ನು ಎಸೆಯಿರಿ ಎಂದೂ ಬರೆದೆ. ಜೊತೆಗೆ ಇನ್ನೊಂದು ಸಾಲು ಸೇರಿಸಬೇಕಾಯಿತು: ವಾಸನೆ ಬರದಿದ್ದರೆ ಸುರಕ್ಷಿತ ಎಂದಲ್ಲ. ಅಫ್ಲಟಾಕ್ಸಿನ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ವಾಸನೆ ಬೂಷ್ಟಿನದು, ಬೂಷ್ಟು ಸತ್ತು ಹೋದ ಮೇಲೂ ವಿಷ ಉಳಿದಿರುತ್ತದೆ. ಕಂಡುಹಿಡಿಯಲು ಪರೀಕ್ಷೆಯೇ ಬೇಕು. ಆ ಪರೀಕ್ಷೆ ಇಂದು ಸಾಧ್ಯ, ದುಬಾರಿಯೂ ಅಲ್ಲ. ಹಾಲು ಕೊಳ್ಳುವ ಡೇರಿ, ಮೇವು ಮಾರುವ ಕಾರ್ಖಾನೆ ಅದನ್ನು ಮಾಡಬೇಕು, ಮಾಡಿದ್ದನ್ನು ಚೀಲದ ಮೇಲೆ ಬರೆಯಬೇಕು. ನಾವು ಕೇಳದೆ ಅದು ಆಗುವುದಿಲ್ಲ.

ಗೆಳೆಯರು ಉತ್ತರಿಸಿದರು. ಉಳಿದ ಎರಡು ಬಾತುಗಳು ಈಗ ದೊಡ್ಡವಾಗಿವೆ, ಒಂದು ಮೊಟ್ಟೆ ಇಡುತ್ತಿದೆ. ಅವರು ಮೇವಿನ ಅಂಗಡಿ ಬದಲಿಸಿದ್ದಾರೆ. ಹೊಸ ಅಂಗಡಿಯಲ್ಲಿ ಹಿಂಡಿ ಯಾವಾಗ ಬಂದದ್ದು ಎಂದು ಕೇಳಿದರಂತೆ. ಅಂಗಡಿಯವನು, ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೇ ಮೊದಲು ಎಂದನಂತೆ.